ಆ ನಿಧಾನ ಯಾರದು? ಕೌಬಾಯ್ ಚಿತ್ರಗಳ ಮೊದಲ ಹತ್ತು ನಿಮಿಷ

ಓದುಗರ ಪ್ರಶ್ನೆ:

ಸರ್, ನಾನು ಧಾರವಾಡದವನು. ಎಂಜಿನಿಯರಿಂಗ್ ಮುಗಿಸಿ ಕೆಲಸದಲ್ಲಿದ್ದೇನೆ, ಬಿಡುವಿನಲ್ಲಿ ಕಿರುಚಿತ್ರ ಮಾಡುತ್ತೇನೆ. ಇಟಲಿಯ ನಿರ್ದೇಶಕ ಸರ್ಜಿಯೊ ಲಿಯೋನೆಯ ‘ಒನ್ಸ್ ಅಪಾನ್ ಎ ಟೈಮ್ ಇನ್ ದ ವೆಸ್ಟ್’ ಚಿತ್ರದ ಆರಂಭವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಆ ಗುಂಗಿನಲ್ಲೇ ನನ್ನ 22 ನಿಮಿಷದ ಚಿತ್ರದ ಮೊದಲ 4 ನಿಮಿಷಗಳನ್ನು ಮಾತಿಲ್ಲದೆ ಕಟ್ಟಿದ್ದೇನೆ. ನವಲಗುಂದದ ಕಡೆಯ ಎರೆಹೊಲ, ಮೇಲಿನಿಂದ ಡ್ರೋನ್ ಶಾಟ್, ಊರಾಚೆಯ ಬಸ್ ತಂಗುದಾಣ, ಹನ್ನೆರಡು ವರ್ಷದ ಹಿಂದೆ ಊರು ಬಿಟ್ಟವನು ಬಸ್ಸಿನಲ್ಲಿ ಬರುತ್ತಾನೆಂದು ಕಾಯುವ ಇಬ್ಬರು, ಹಿನ್ನೆಲೆಯಲ್ಲಿ ಕೊಳಲು. ಗೆಳೆಯರಿಗೆ ತೋರಿಸಿದೆ. ಒಬ್ಬ ಎರಡನೇ ನಿಮಿಷಕ್ಕೆ ಮೊಬೈಲ್ ಕೈಗೆತ್ತಿಕೊಂಡ. ಇನ್ನೊಬ್ಬ, ‘ಲ್ಯಾಗ್ ಆಗುತ್ತಿದೆ, ಅದೆಲ್ಲ ಆ ಕಾಲದವರಿಗೆ ಸರಿ’ ಎಂದ. ಈಗಿನ ಪ್ರೇಕ್ಷಕರಿಗೆ ತಾಳ್ಮೆ ಇಲ್ಲವೇ? ಹಳೆಯ ವೆಸ್ಟರ್ನ್‌ಗಳು, ಅಂದರೆ ಕೌಬಾಯ್ ಚಿತ್ರಗಳು, ಆರಂಭದಲ್ಲೇ ಒಂದು ಮೂಡ್ ಹೇಗೆ ಹುಟ್ಟಿಸುತ್ತವೆ? ನನ್ನ ನಾಲ್ಕು ನಿಮಿಷವನ್ನು ಉಳಿಸಿಕೊಳ್ಳಲೇ, ಕತ್ತರಿಸಲೇ? ವಿಡಿಯೊ ಕಳಿಸಿದ್ದೇನೆ.

ಉತ್ತರ:

ಗೆಳೆಯ ಮೊಬೈಲ್ ಎತ್ತಿಕೊಂಡದ್ದು ನಿಮ್ಮನ್ನು ಚುಚ್ಚಿದೆ. ಆದರೆ ಮೂವತ್ತು ವರ್ಷ ಸಂಕಲನದ ಮೇಜಿನ ಮುಂದೆ ಕುಳಿತವನ ಮಾತು ಕೇಳುವುದಾದರೆ, ಆತ ನಿಮಗೆ ಉಪಕಾರವನ್ನೇ ಮಾಡಿದ್ದಾನೆ. ಬಾಯಿ ಹೇಳುವ ಅಭಿಪ್ರಾಯದಲ್ಲಿ ದಾಕ್ಷಿಣ್ಯ ಇರುತ್ತದೆ, ಜೇಬಿಗೆ ಹೋಗುವ ಕೈಗೆ ಅದು ಗೊತ್ತಿಲ್ಲ. ಯಾವ ಶಾಟ್ ಓಡುತ್ತಿದ್ದಾಗ ಆತ ಮೊಬೈಲ್ ತೆಗೆದ ಎಂದು ಗಮನಿಸಿದಿರಾ? ನೀವು ಕಳಿಸಿದ್ದನ್ನು ಮೂರು ಸಲ ನೋಡಿದೆ. ಎರಡನೇ ಡ್ರೋನ್ ಶಾಟ್ ಇರಬೇಕು. ನನ್ನ ಕೈಯೂ ಅಲ್ಲೇ ಚಹಾದ ಲೋಟದ ಕಡೆ ಹೋಯಿತು.

ತಾಳ್ಮೆಯ ಮಾತು ಮೊದಲು ಮುಗಿಸಿಬಿಡೋಣ, ಏಕೆಂದರೆ ಅದು ಎಲ್ಲರೂ ಒಪ್ಪಿಕೊಂಡುಬಿಟ್ಟಿರುವ ಸುಳ್ಳು. ಲಿಯೋನೆಯ ಆ ಚಿತ್ರ 1968ರ ಕೊನೆಗೆ ಇಟಲಿಯಲ್ಲಿ ಬಿಡುಗಡೆಯಾಯಿತು, ಮರುವರ್ಷ ಅಮೆರಿಕಕ್ಕೆ ಹೋಯಿತು. ಅಲ್ಲಿ ಪ್ಯಾರಾಮೌಂಟ್ ಕಂಪನಿ ಸುಮಾರು 20 ನಿಮಿಷ ಕತ್ತರಿಸಿ ಓಡಿಸಿದರೂ ಚಿತ್ರ ಸೋತಿತು. ಫ್ರಾನ್ಸಿನಲ್ಲಿ ಅದೇ ಚಿತ್ರಕ್ಕೆ ಜನ ಮುಗಿಬಿದ್ದರು, ಪ್ಯಾರಿಸ್ಸಿನಲ್ಲಿ ಬಹುಕಾಲ ಓಡಿತು. ಎರಡೂ ಕಡೆಯ ಪ್ರೇಕ್ಷಕರು ‘ಆ ಕಾಲದವರೇ’. ಆಗಲೂ ಒಬ್ಬ ಆಕಳಿಸುತ್ತಿದ್ದ, ಇನ್ನೊಬ್ಬ ಉಸಿರು ಬಿಗಿಹಿಡಿದು ನೋಡುತ್ತಿದ್ದ. ಇಂದು ಬದಲಾಗಿರುವುದು ಒಂದೇ: ಚಿತ್ರಮಂದಿರದಲ್ಲಿ ಬೇಸರಗೊಂಡವನು ಎದ್ದು ಹೋಗಲು ನಾಲ್ಕು ಜನರ ಮೊಣಕಾಲು ದಾಟಬೇಕಿತ್ತು, ಈಗ ಹೆಬ್ಬೆರಳು ಸರಿಸಿದರೆ ಸಾಕು. ಹೊರಬಾಗಿಲು ಹತ್ತಿರಕ್ಕೆ ಬಂದಿದೆ. ಬೇಸರ ಮೊದಲಿನಷ್ಟೇ ಇದೆ.

ಆದರೆ ನಿಮ್ಮ ಪತ್ರ ಕೇಳಬೇಕಿದ್ದ ಪ್ರಶ್ನೆ ಬೇರೆ: ನೀವು ಲಿಯೋನೆಯಿಂದ ತಂದದ್ದು ಯಾವುದನ್ನು?

ಆ ರೈಲು ನಿಲ್ದಾಣಕ್ಕೆ ಮತ್ತೊಮ್ಮೆ ಹೋಗೋಣ. ಉದ್ದನೆಯ ಕೋಟು ತೊಟ್ಟ ಮೂವರು ಬರುತ್ತಾರೆ. ಟಿಕೆಟ್ ಕೊಡುವ ಮುದುಕನನ್ನು ಒಳಗೆ ಕೂಡಿಹಾಕುತ್ತಾರೆ. ಆಮೇಲೆ ರೈಲು ಬರುವವರೆಗೆ ‘ಏನೂ ನಡೆಯುವುದಿಲ್ಲ’. ಹೆಸರುಗಳು ಒಂದೊಂದಾಗಿ ಪರದೆಯ ಮೇಲೆ ಬರುತ್ತ ಹತ್ತು ನಿಮಿಷಕ್ಕೂ ಹೆಚ್ಚು ಕಾಲ ಕಳೆಯುತ್ತದೆ. ಎಲ್ಲರೂ ಹೇಳುವುದು ಹೀಗೆ. ಈಗ ನಡೆಯುವುದನ್ನು ನೋಡಿ. ಮೂವರಲ್ಲಿ ಒಬ್ಬ, ನಟ ವುಡಿ ಸ್ಟ್ರೋಡ್, ನೀರಿನ ತೊಟ್ಟಿಯ ಕೆಳಗೆ ನಿಂತಿದ್ದಾನೆ. ಬೋಳು ತಲೆಯ ಮೇಲೆ ಒಂದು ಹನಿ ಬೀಳುತ್ತದೆ. ತಲೆಯೆತ್ತಿ ನೋಡುತ್ತಾನೆ. ಜಾಗ ಬದಲಿಸುವುದಿಲ್ಲ, ಹ್ಯಾಟು ಹಾಕಿಕೊಳ್ಳುತ್ತಾನೆ. ಹನಿಯ ಸದ್ದು ಬದಲಾಗುತ್ತದೆ. ಹ್ಯಾಟಿನ ಅಂಚಿನಲ್ಲಿ ನೀರು ನಿಧಾನಕ್ಕೆ ಕೂಡುತ್ತದೆ. ಆಲ್ ಮುಲೋಕ್ ಒಂದೊಂದೇ ಬೆರಳಿನ ನೆಟಿಗೆ ಮುರಿಯುತ್ತಾನೆ. ಜ್ಯಾಕ್ ಈಲಮ್ ಬೆಂಚಿನ ಮೇಲೆ ಒರಗಿದ್ದಾನೆ, ಪಕ್ಕದಲ್ಲಿ ಟೆಲಿಗ್ರಾಫ್ ಕಟಕಟ ಎನ್ನುತ್ತಿದೆ. ಕೈಚಾಚಿ ಅದರ ತಂತಿಯನ್ನೇ ಕಿತ್ತುಹಾಕುತ್ತಾನೆ. ಆ ಸದ್ದು ನಿಂತ ಮೇಲೆ ನೊಣ ಬರುತ್ತದೆ. ಗಡ್ಡದ ಮೇಲೆ, ತುಟಿಯ ಪಕ್ಕ ಓಡಾಡುತ್ತದೆ. ಕೈಯೆತ್ತಲೂ ಸೋಮಾರಿತನ, ಬಾಯಿಯನ್ನು ಸೊಟ್ಟಗೆ ಮಾಡಿ ಊದುತ್ತಾನೆ. ಅದು ಹಾರಿ ಮರದ ಹಲಗೆಯ ಮೇಲೆ ಕೂತಾಗ ಪಿಸ್ತೂಲಿನ ನಳಿಕೆಯನ್ನು ಅದರ ಮೇಲೆ ಬೋರಲು ಒತ್ತಿ, ನಳಿಕೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿ, ಕಿವಿಗೆ ಹಿಡಿದು ಕೇಳುತ್ತಾನೆ. ಒಳಗೆ ಗುಂಯ್‌ಗುಡುವ ನೊಣ. ಅವನ ಮುಖದಲ್ಲಿ ಎಳೆಯ ಮಗುವಿನ ನಗು. ಆಗ ದೂರದಲ್ಲಿ ರೈಲಿನ ಕೂಗು.

ಇಷ್ಟೂ ಹೊತ್ತು ನಮಗೆ ಸಿಕ್ಕಿದ್ದೇನು? ಕೊಲ್ಲಲು ಬಂದವರು ಇವರು ಎಂದು ಯಾರೂ ಹೇಳಿಲ್ಲ, ಆದರೂ ಗೊತ್ತು. ಹನಿ ಬಿದ್ದರೂ ಕದಲದವನ ಸಂಯಮ ಎಷ್ಟು, ತಂತಿ ಕೀಳುವವನಿಗೆ ಹೊರಲೋಕದ ಸುದ್ದಿಯ ಮೇಲೆ ಎಷ್ಟು ತಿರಸ್ಕಾರ, ನೊಣ ಹಿಡಿಯುವವನ ಕೈ ಬಂದೂಕಿನ ಜೊತೆ ಎಷ್ಟು ಸಲಿಗೆಯಿಂದಿದೆ, ಎಲ್ಲವೂ ತಿಳಿಯಿತು. ಮುಖ್ಯವಾಗಿ, ಕಾಯುತ್ತಿರುವುದು ಅವರು. ಬೇಸರ ಅವರದು, ಬಿಸಿಲು ಅವರದು. ನಾವು ಅವರ ಬೇಸರವನ್ನು ಕಣ್ಣರಳಿಸಿ ನೋಡುತ್ತಿದ್ದೇವೆ.

ನಿಮ್ಮ ಚಿತ್ರದಲ್ಲಿ ನಿಧಾನ ಇದೆ, ಒಡೆಯನಿಲ್ಲ. ಇಬ್ಬರು ತಂಗುದಾಣದಲ್ಲಿ ಕುಳಿತಿದ್ದಾರೆ, ಕ್ಯಾಮೆರಾ ಮಾತ್ರ ಅವರನ್ನು ಬಿಟ್ಟು ಆಕಾಶದಲ್ಲಿ ತಿರುಗುತ್ತಿದೆ. ಎರೆಹೊಲ ಸೊಗಸಾಗಿದೆ, ಒಪ್ಪುತ್ತೇನೆ. ಅದನ್ನು ನೋಡುತ್ತಿರುವವರು ಯಾರು? ಆ ಇಬ್ಬರು ಅಷ್ಟು ಎತ್ತರದಿಂದ ನೋಡಲಾರರು. ಬಸ್ಸಿನಲ್ಲಿ ಬರುವವನೂ ನೋಡಲಾರ. ನೋಡುತ್ತಿರುವವರು ನೀವು, ಹೊಸ ಡ್ರೋನ್ ಬಾಡಿಗೆಗೆ ತಂದ ನಿರ್ದೇಶಕರು.

ಈ ಪ್ರಶ್ನೆಯನ್ನು ನನಗೆ ಕಲಿಸಿದವರು ನಾನು ಸಹಾಯಕನಾಗಿದ್ದ ಹಿರಿಯ ಸಂಕಲನಕಾರರು. ಆಗಿನ್ನೂ ಸ್ಟೀನ್‌ಬೆಕ್ ಎಂಬ ಸಂಕಲನ ಯಂತ್ರದಲ್ಲಿ ಫಿಲ್ಮಿನ ತುಂಡುಗಳನ್ನು ಅಂಟಿಸುತ್ತಿದ್ದ ಕಾಲ. ಒಬ್ಬ ನಿರ್ದೇಶಕರು ಸೂರ್ಯೋದಯದ ಮೂರು ನಿಮಿಷ ತಂದಿದ್ದರು. ಮಂಜು, ಹಕ್ಕಿ, ಕೆರೆ, ಯಾವುದಕ್ಕೂ ಕೊರತೆಯಿಲ್ಲ. ಹಿರಿಯರು ಪೂರ್ತಿ ನೋಡಿ, ನಶ್ಯ ಏರಿಸಿ, ಕೇಳಿದ್ದು ಒಂದೇ ಮಾತು: ‘ಚೆನ್ನಾಗಿದೆ. ಇಷ್ಟು ಬೆಳಿಗ್ಗೆ ಎದ್ದವರು ಯಾರು?’ ನಿರ್ದೇಶಕರು ಸಿಟ್ಟಾದರು. ಮೂರು ದಿನ ಬಿಟ್ಟು ಬಂದು, ಹೊಲಕ್ಕೆ ನೀರು ಬಿಡಲು ಎದ್ದ ಹೆಂಗಸಿನ ಒಂದು ಶಾಟ್ ತೆಗೆದು ತಂದರು. ಅದನ್ನು ಮೊದಲಿಗೆ ಇಟ್ಟ ಮೇಲೆ ಅದೇ ಸೂರ್ಯೋದಯ ಒಂದು ನಿಮಿಷಕ್ಕೆ ಸಾಕಾಯಿತು.

ಇನ್ನು ಮೂಡ್ ಎಂದರೆ ಹಿನ್ನೆಲೆ ಸಂಗೀತ ಎಂಬ ನಂಬಿಕೆ. ನಿಮ್ಮ ಕೊಳಲು ಅಲ್ಲಿಂದಲೇ ಬಂದಿದೆ. ಲಿಯೋನೆಗೆ ಸಂಗೀತದ ಬಡತನವಿರಲಿಲ್ಲ. ಎನಿಯೊ ಮೊರಿಕೋನೆ ಈ ಚಿತ್ರಕ್ಕೆ ಮುಖ್ಯ ರಾಗಗಳನ್ನು ಚಿತ್ರೀಕರಣಕ್ಕೆ ಮೊದಲೇ ಮಾಡಿಕೊಟ್ಟಿದ್ದರು, ಸೆಟ್ಟಿನಲ್ಲಿ ಅವುಗಳನ್ನು ಹಾಕಿ ನಟರನ್ನು ನಡೆಸುತ್ತಿದ್ದರು. ಅಂಥ ಸಂಗೀತ ಕೈಯಲ್ಲಿದ್ದೂ ಆರಂಭದಲ್ಲಿ ಒಂದು ಸ್ವರವನ್ನೂ ಬಳಸಲಿಲ್ಲ. ಕಿರುಗುಡುವ ಗಾಳಿಚಕ್ರ, ಹನಿ, ನೊಣ, ನೆಟಿಗೆ, ಗಾಳಿ. ರೈಲು ಬಂದು, ಯಾರೂ ಇಳಿಯದೆ ಹೊರಟುಹೋದ ಮೇಲೆ ಹಳಿಯ ಆಚೆಯಿಂದ ಮೌತ್ ಆರ್ಗನ್ ಕೇಳುತ್ತದೆ. ಅದೇ ಮೊದಲ ಸಂಗೀತ, ಅದನ್ನು ನುಡಿಸುತ್ತಿರುವವನು ಇವರು ಕಾಯುತ್ತಿದ್ದ ಮನುಷ್ಯ, ಚಾರ್ಲ್ಸ್ ಬ್ರಾನ್ಸನ್. ಮೊದಲಿನಿಂದಲೂ ಕೊಳಲೋ ಪಿಟೀಲೋ ಹರಿಯುತ್ತಿದ್ದರೆ ಈ ಮೌತ್ ಆರ್ಗನ್ ಯಾರ ಕಿವಿಗೆ ಬೀಳುತ್ತಿತ್ತು?

ನಮ್ಮ ಕಸುಬಿನವರು ಮಾತ್ರ ಗಮನಿಸುವ ಸಂಗತಿಯೊಂದನ್ನು ಇಲ್ಲಿ ಹೇಳಬೇಕು. ಆ ಕಾಲದ ಇಟಲಿಯ ಚಿತ್ರಗಳಲ್ಲಿ ಚಿತ್ರೀಕರಣದ ಸ್ಥಳದ ಧ್ವನಿಯನ್ನು ಬಳಸುತ್ತಿರಲಿಲ್ಲ. ಮಾತು, ಹೆಜ್ಜೆ, ಗಾಳಿ, ಎಲ್ಲವನ್ನೂ ನಂತರ ಸ್ಟುಡಿಯೊದಲ್ಲಿ ಸೇರಿಸುತ್ತಿದ್ದರು. ಹಾಗಾಗಿ ಆ ನಿಲ್ದಾಣದಲ್ಲಿ ನೀವು ಕೇಳುವ ಯಾವ ಸದ್ದೂ ತಾನಾಗಿ ಬಿದ್ದದ್ದಲ್ಲ. ನೊಣ ಎಷ್ಟು ಜೋರಾಗಿ ಗುಂಯ್‌ಗುಡಬೇಕು, ಗಾಳಿಚಕ್ರ ಎಷ್ಟು ಹೊತ್ತಿಗೊಮ್ಮೆ ಕಿರುಗುಡಬೇಕು ಎಂದು ಒಬ್ಬ ಮನುಷ್ಯ ಕುಳಿತು ತೀರ್ಮಾನಿಸಿದ್ದಾನೆ. ಮೊರಿಕೋನೆ ಸ್ವತಃ ವಾದ್ಯಗಳಲ್ಲದ ವಸ್ತುಗಳಿಂದಲೂ ಸಂಗೀತ ಹೊರಡಿಸುವ ಪ್ರಾಯೋಗಿಕ ತಂಡವೊಂದರಲ್ಲಿ ಇದ್ದವರು. ಆ ತಂಡದ ರುಚಿ ಇಲ್ಲಿದೆ. ನಾನು ತರಗತಿ ತೆಗೆದುಕೊಳ್ಳುವಾಗ ಪರದೆಗೆ ಬಟ್ಟೆ ಹೊದಿಸಿ ಈ ಭಾಗವನ್ನು ಬರೀ ಕೇಳಿಸುತ್ತೇನೆ. ಹುಡುಗರು ಹತ್ತು ನಿಮಿಷ ಅಲುಗಾಡುವುದಿಲ್ಲ. ಬಳಿಕ ಧ್ವನಿ ತೆಗೆದು ಬರೀ ಚಿತ್ರ ತೋರಿಸಿದರೆ ಮೂರನೇ ನಿಮಿಷಕ್ಕೆ ಬೆಂಚುಗಳು ಕಿರುಗುಡುತ್ತವೆ. ನಿಮ್ಮ ನಾಲ್ಕು ನಿಮಿಷಕ್ಕೂ ಈ ಪರೀಕ್ಷೆ ಮಾಡಿ. ಕಣ್ಣುಮುಚ್ಚಿ ಕೇಳಿದಾಗ ನನಗೆ ಕೇಳಿಸಿದ್ದು ಕೊಳಲು ಮತ್ತು ಯಾವುದೋ ಸಂಗ್ರಹದಿಂದ ಇಳಿಸಿಕೊಂಡ ಗಾಳಿ. ನವಲಗುಂದದ ಕಡೆಯ ಗಾಳಿ ಹಾಗೆ ಬೀಸುವುದಿಲ್ಲ ಎಂಬುದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು.

ಮೂಡ್ ಹುಟ್ಟಿಸುವ ಮತ್ತೊಂದು ಸರಕು ಪರದೆಯ ಮೇಲೆ ಇಲ್ಲವೇ ಇಲ್ಲ, ನೋಡುಗನ ತಲೆಯಲ್ಲಿದೆ. 1952ರ ‘ಹೈ ನೂನ್’ ನೆನಪಿಸಿಕೊಳ್ಳಿ. ಅಲ್ಲಿಯೂ ಮೂವರು ಬಂದೂಕುಧಾರಿಗಳು ರೈಲು ನಿಲ್ದಾಣದಲ್ಲಿ ಒಬ್ಬನಿಗಾಗಿ ಕಾಯುತ್ತಾರೆ. ಲಿಯೋನೆ ಅದನ್ನೇ ಎತ್ತಿಕೊಂಡು ತಿರುಗಿಸಿದ್ದು. ಅಲ್ಲಿ ಕಾಯುವವರ ನಾಯಕ ಬರಬೇಕಿತ್ತು, ಇಲ್ಲಿ ಬೇಟೆ ಬರುತ್ತದೆ. ನೊಣ ಹಿಡಿದ ಜ್ಯಾಕ್ ಈಲಮ್ ‘ಹೈ ನೂನ್’ನಲ್ಲಿ ಲಾಕಪ್ಪಿನ ಕುಡುಕನಾಗಿ ಬಂದು ಹೋಗಿದ್ದವನು. ವುಡಿ ಸ್ಟ್ರೋಡ್ ಅಮೆರಿಕದ ನಿರ್ದೇಶಕ ಜಾನ್ ಫೋರ್ಡ್ ಚಿತ್ರಗಳಲ್ಲಿ ಗಟ್ಟಿ ಪಾತ್ರ ಮಾಡಿದವನು. ಅಮೆರಿಕದ ಪ್ರೇಕ್ಷಕನಿಗೆ ಇವರು ಪರಿಚಿತ ಮುಖಗಳು. ಇಷ್ಟು ಹೊತ್ತು, ಇಷ್ಟು ಹತ್ತಿರದಿಂದ, ಪರದೆ ತುಂಬ ತೋರಿಸುತ್ತಿದ್ದಾರೆಂದ ಮೇಲೆ ಇವರೇ ಚಿತ್ರದ ಖಳರು ಎಂದು ಆತ ಲೆಕ್ಕ ಹಾಕುತ್ತಾನೆ. ಮೂವರೂ ಕೆಲವೇ ಕ್ಷಣಗಳಲ್ಲಿ ಹೆಣವಾಗುತ್ತಾರೆ. ನಮ್ಮಲ್ಲಿ ವಜ್ರಮುನಿಯವರನ್ನು ಹತ್ತು ನಿಮಿಷ ಮೀಸೆ ತಿರುವಲು ಬಿಟ್ಟು ಹನ್ನೊಂದನೆಯ ನಿಮಿಷದಲ್ಲಿ ಕೊಂದರೆ ಹೇಗಿರುತ್ತದೋ ಹಾಗೆ. ಅಲ್ಲಿಗೆ ಪ್ರೇಕ್ಷಕನ ಲೆಕ್ಕದ ಪುಸ್ತಕವೇ ಕಳೆದುಹೋಯಿತು, ಮುಂದಿನ ಎರಡೂವರೆ ಗಂಟೆ ಯಾರನ್ನೂ ನಂಬುವಂತಿಲ್ಲ. ವೆಸ್ಟರ್ನ್‌ಗೆ ಇದು ವಿಶೇಷವಾಗಿ ಬೇಕು. ಕೊನೆಗೆ ಗುಂಡು ಹಾರುತ್ತದೆ ಎಂಬುದು ಟಿಕೆಟ್ ಕೊಳ್ಳುವಾಗಲೇ ಗೊತ್ತು. ಆ ಗುಂಡಿಗೆ ಎಷ್ಟು ಬೆಲೆ, ಯಾರು ತೆರುತ್ತಾರೆ ಎಂಬುದನ್ನು ಪ್ರತಿ ಚಿತ್ರವೂ ಮೊದಲಲ್ಲೇ ತನ್ನ ಬಗೆಯಲ್ಲಿ ಸೂಚಿಸಬೇಕಾಗುತ್ತದೆ.

ಇದರ ಹಿಂದೆ ಒಂದು ಸಾದಾ ವ್ಯಾವಹಾರಿಕ ಕಾರಣವೂ ಇತ್ತು, ಪುಸ್ತಕಗಳಲ್ಲಿ ಅದಕ್ಕೆ ಅಷ್ಟು ಜಾಗ ಸಿಗುವುದಿಲ್ಲ. ಆಗ ನಟರ, ತಂತ್ರಜ್ಞರ ಹೆಸರುಗಳು ಚಿತ್ರದ ಮೊದಲಿಗೇ ಬರಬೇಕಿತ್ತು. ಎರಡು ಮೂರು ನಿಮಿಷ ಅದಕ್ಕೆಂದೇ ಮೀಸಲು. ಅಷ್ಟು ಹೊತ್ತು ಪರದೆಯ ಮೇಲೆ ಏನಾದರೂ ಇರಲೇಬೇಕಾದ್ದರಿಂದ ಜಾಣರು ಅದನ್ನು ಕೆಲಸಕ್ಕೆ ಹಚ್ಚಿದರು. ‘ಹೈ ನೂನ್’ ಅಬ್ಬರದ ವಾದ್ಯಗೋಷ್ಠಿಯ ಬದಲು ಟೆಕ್ಸ್ ರಿಟರ್ ದನಿಯಲ್ಲಿ ಒಂದು ಹಾಡು ಹಾಕಿತು. ಮದುವೆಯ ದಿನ, ಮಧ್ಯಾಹ್ನದ ರೈಲು, ಬರುತ್ತಿರುವ ಹಗೆ, ಬಿಟ್ಟುಹೋಗಬೇಡ ಎಂಬ ಮೊರೆ, ಇಡೀ ಕಥೆ ಹಾಡಿನಲ್ಲೇ ಇದೆ. ಪರದೆಯ ಮೇಲೆ ಮಾತ್ರ ಆ ಮೂವರು ಬಂದೂಕುಧಾರಿಗಳಲ್ಲಿ ಒಬ್ಬ, ನಟ ಲೀ ವ್ಯಾನ್ ಕ್ಲೀಫ್, ಬಂಡೆಯ ಪಕ್ಕ ಕುಳಿತು ಸಂಗಡಿಗರಿಗಾಗಿ ಕಾಯುತ್ತಾನೆ. ಹಾಡು ಗಂಡನದು, ಚಿತ್ರ ಕೊಲೆಗಾರರದು. ಎರಡರ ನಡುವಿನ ಬಿರುಕಿನಲ್ಲಿ ಕಳವಳ ಹುಟ್ಟುತ್ತದೆ. ಆ ಹಾಡಿಗೆ ಆಸ್ಕರ್ ಬಂತು. ಕಥೆಯನ್ನು ಮೊದಲೇ ಹೇಳಿಬಿಟ್ಟರೆ ಕುತೂಹಲ ಸಾಯುತ್ತದೆ ಎನ್ನುವವರು ಇದನ್ನು ನೋಡಬೇಕು. ಯಕ್ಷಗಾನ ನೋಡಿ ಬೆಳೆದ ನಮಗಂತೂ ಇದನ್ನು ವಿವರಿಸಬೇಕಾಗಿಲ್ಲ, ಕೀಚಕ ಸಾಯುತ್ತಾನೆ ಎಂದು ಗೊತ್ತಿದ್ದೇ ಬೆಳಗಿನವರೆಗೆ ಕೂರುತ್ತೇವೆ.

ವಿಶಾಲ ಬಯಲು ತೋರಿಸಿದರೆ ವೆಸ್ಟರ್ನ್ ಆಯಿತು ಎಂಬುದು ಮತ್ತೊಂದು ತಪ್ಪು. ಬಯಲು ತೋರಿಸುವುದರಲ್ಲಿ ಜಾನ್ ಫೋರ್ಡ್‌ಗೆ ಸರಿಸಾಟಿ ಇರಲಿಲ್ಲ. 1956ರ ‘ದ ಸರ್ಚರ್ಸ್’ ಹೇಗೆ ತೆರೆದುಕೊಳ್ಳುತ್ತದೆ? ಪರದೆ ಪೂರಾ ಕಪ್ಪು. ಬಾಗಿಲು ತೆಗೆಯುತ್ತದೆ. ಚೌಕಟ್ಟಿನಲ್ಲಿ ಒಬ್ಬ ಹೆಂಗಸಿನ ನೆರಳು, ಅವಳಾಚೆ ಕಣ್ಣು ಕೋರೈಸುವ ಕೆಂಪು ಮಣ್ಣಿನ ಬಯಲು. ಅವಳು ಜಗಲಿಗೆ ನಡೆಯುತ್ತಾಳೆ, ಕ್ಯಾಮೆರಾ ಅವಳ ಬೆನ್ನ ಹಿಂದೆಯೇ ಕತ್ತಲಿನಿಂದ ಬೆಳಕಿಗೆ ಬರುತ್ತದೆ. ದೂರದಲ್ಲಿ ಕುದುರೆಯ ಮೇಲೆ ಒಬ್ಬ ಬರುತ್ತಿದ್ದಾನೆ. ಬಿಸಿಲಿಗೆ ಕೈ ಅಡ್ಡ ಹಿಡಿದು ಅವಳು ನೋಡುತ್ತಾಳೆ. ಬರುತ್ತಿರುವವನು ಗಂಡನ ಅಣ್ಣನೋ ತಮ್ಮನೋ ಎಂದು ತಿಳಿಯುವ ಮೊದಲೇ ಅವಳ ನಿಲುವಿನಿಂದ ಇನ್ನೇನೋ ತಿಳಿದುಬಿಡುತ್ತದೆ. ಅದನ್ನು ಇಡೀ ಚಿತ್ರದಲ್ಲಿ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಇದಕ್ಕೆಲ್ಲ ಹಿಡಿದದ್ದು ಎಷ್ಟೋ ನಿಮಿಷವಲ್ಲ, ಸ್ವಲ್ಪವೇ ಹೊತ್ತು. ಬಯಲಿಗೆ ಇಲ್ಲಿ ಒಬ್ಬ ಒಡತಿಯಿದ್ದಾಳೆ, ಅದು ಅವಳ ಬಾಗಿಲಿನ ಅಳತೆಗೆ ಕತ್ತರಿಸಿದ ಬಯಲು. ಅಂದಹಾಗೆ ಪರದೆಯ ಮೇಲೆ ‘ಟೆಕ್ಸಸ್ 1868’ ಎಂದು ಬರುತ್ತದೆ, ಆದರೆ ಆ ಬಂಡೆಗಳು ಅರಿಜೋನಾ ಮತ್ತು ಯೂಟಾ ಗಡಿಯ ಮಾನ್ಯುಮೆಂಟ್ ವ್ಯಾಲಿಯವು, ನವಾಹೊ ಜನರ ನೆಲ. ಲಿಯೋನೆಯ ನಿಲ್ದಾಣವಂತೂ ಸ್ಪೇನಿನ ಗ್ರನಾಡಾ ಪ್ರಾಂತದಲ್ಲಿ ಕಟ್ಟಿದ ಸೆಟ್. ಭೂಗೋಳ ಸುಳ್ಳಾದರೂ ನಡೆಯುತ್ತದೆ, ನೋಟ ನಿಜವಾಗಿರಬೇಕು.

ನಮ್ಮ ರಾಮನಗರದ ಬಂಡೆಗಳಿಗೂ ಇದೇ ಮಾತು ಅನ್ವಯಿಸುತ್ತದೆ. 1975ರ ‘ಶೋಲೆ’ಯಲ್ಲಿ ಅವು ರಾಮಗಢವಾದವು. ರೈಲಿನಿಂದ ಇಳಿದ ಅಧಿಕಾರಿಯೊಬ್ಬ ಕುದುರೆ ಏರಿ ಊರಿಗೆ ಸಾಗುವ ಉದ್ದಕ್ಕೂ ಹೆಸರುಗಳು ಬರುತ್ತವೆ, ಜೊತೆಗೆ ಆರ್. ಡಿ. ಬರ್ಮನ್ ಸಂಗೀತ. ಸುಮ್ಮನೆ ಬಂಡೆ ತೋರಿಸಿಲ್ಲ, ಊರಿಗೆ ಹೊಸಬನೊಬ್ಬನ ದಾರಿಯಲ್ಲಿ ಅವು ಎದುರಾಗುತ್ತವೆ. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಹೋಗುವಾಗ ಆ ಗುಡ್ಡಗಳನ್ನು ಕಂಡರೆ ನನಗೆ ಈಗಲೂ ಗಿಟಾರ್ ಕೇಳಿಸುತ್ತದೆ.

ಮಾತಿಲ್ಲದ ಆರಂಭ ನಿಧಾನವಾಗಿಯೇ ಇರಬೇಕೆಂದೂ ಇಲ್ಲ. ಹಾವರ್ಡ್ ಹಾಕ್ಸ್‌ನ ‘ರಿಯೊ ಬ್ರಾವೊ’ (1959) ಮೊದಲ ಕೆಲವು ನಿಮಿಷ ಒಂದು ಮಾತೂ ಆಡುವುದಿಲ್ಲ. ಕೊಳಕು ಬಟ್ಟೆಯ ಕುಡುಕ, ಡೀನ್ ಮಾರ್ಟಿನ್, ಹಿಂಬಾಗಿಲಿನಿಂದ ಸಾರಾಯಿ ಅಂಗಡಿಗೆ ನುಸುಳುತ್ತಾನೆ. ಕಿಸೆಯಲ್ಲಿ ಕಾಸಿಲ್ಲ. ಒಬ್ಬ ಪೋಕರಿ ಬೆಳ್ಳಿಯ ನಾಣ್ಯವನ್ನು ತೋರಿಸಿ ಉಗುಳುವ ಪೀಕದಾನಿಗೆ ಎಸೆಯುತ್ತಾನೆ. ಕುಡುಕ ಬಗ್ಗುತ್ತಾನೆ, ಕೈ ಇನ್ನೇನು ಒಳಗೆ ಹೋಗಬೇಕು, ಒಂದು ಬೂಟುಗಾಲು ಪೀಕದಾನಿಯನ್ನು ಒದೆಯುತ್ತದೆ. ತಲೆಯೆತ್ತಿದರೆ ಜಾನ್ ವೇಯ್ನ್. ಆ ಕೆಳಗಿನಿಂದ ಮೇಲಿನ ನೋಟ ಕುಡುಕನದು, ಅವಮಾನವೂ ಅವನದು. ಇನ್ನರ್ಧ ನಿಮಿಷದಲ್ಲಿ ಹೊಡೆದಾಟ, ಸ್ವಲ್ಪದರಲ್ಲೇ ಒಂದು ಕೊಲೆ. ಮಾತಿಲ್ಲ, ಬಿಡುವೂ ಇಲ್ಲ.

ಪೆಕಿನ್‌ಪಾನ ‘ದ ವೈಲ್ಡ್ ಬಂಚ್’ (1969) ಬಗ್ಗೆ ಬರೆದರೆ ಈ ಉತ್ತರ ಮುಗಿಯುವುದಿಲ್ಲ. ಮಕ್ಕಳು ನಗುತ್ತ ಚೇಳುಗಳನ್ನು ಕೆಂಪಿರುವೆಗಳ ನಡುವೆ ಬಿಟ್ಟು ನೋಡುತ್ತಿರುತ್ತಾರೆ, ಅವರ ಪಕ್ಕದಲ್ಲೇ ಸೈನಿಕರ ವೇಷದ ದರೋಡೆಕೋರರು ಕುದುರೆಯಲ್ಲಿ ಹಾದುಹೋಗುತ್ತಾರೆ. ಅಷ್ಟು ನೆನಪಿಟ್ಟುಕೊಂಡರೆ ಸಾಕು. ಈಸ್ಟ್‌ವುಡ್‌ನ ‘ಅನ್‌ಫರ್ಗಿವನ್’ (1992) ಮೇಲ್ನೋಟಕ್ಕೆ ನನ್ನ ವಾದಕ್ಕೆ ವಿರುದ್ಧ ಸಾಕ್ಷಿಯಂತೆ ಕಾಣುತ್ತದೆ. ಮುಳುಗುವ ಸೂರ್ಯ, ಒಂಟಿ ಮರ, ದೂರದಲ್ಲಿ ಗೋರಿ ತೋಡುತ್ತಿರುವ ಒಬ್ಬನ ಕಪ್ಪು ಆಕಾರ. ಹತ್ತಿರ ಯಾರೂ ಇಲ್ಲ. ಆದರೆ ಮೇಲೆ ಸರಿಯುವ ಅಕ್ಷರಗಳನ್ನು ಓದಿ: ಕಳ್ಳ, ಕೊಲೆಗಡುಕ ಎಂದು ಹೆಸರಾದವನನ್ನು ಮಗಳು ಮದುವೆಯಾದಳಲ್ಲ ಎಂದು ಎದೆಯೊಡೆದುಕೊಂಡ ತಾಯಿಯ ಸಂಕಟ ಅಲ್ಲಿದೆ. ಆ ದೂರ ಆ ತಾಯಿಯದು. ಅಷ್ಟು ದೂರದಿಂದ ನೋಡಿದರೆ ಅಳಿಯನ ಮುಖ ಕಾಣುವುದಿಲ್ಲ, ಕಾಣಬಾರದು. ಹಾಗೆಯೇ 2007ರ ‘ನೋ ಕಂಟ್ರಿ ಫಾರ್ ಓಲ್ಡ್ ಮೆನ್’ ಖಾಲಿ ಬಯಲಿನಿಂದಲೇ ತೊಡಗುತ್ತದೆ, ಒಂದರ ಮೇಲೊಂದು ಮನುಷ್ಯರಿಲ್ಲದ ಶಾಟ್. ಮೇಲೆ ಮುದಿ ಶೆರಿಫನ ದಣಿದ ದನಿ ಇದೆ. ಬಯಲು ಅವನ ಕಣ್ಣಿನದಾಗಿಬಿಡುತ್ತದೆ.

ಈಗ ನಿಮ್ಮ ನಾಲ್ಕು ನಿಮಿಷ. ನನಗೆ ಕಾಣುವ ದಾರಿಗಳನ್ನು ಹೇಳುತ್ತೇನೆ, ಪ್ರತಿಯೊಂದಕ್ಕೂ ತೆರಬೇಕಾದ ಬೆಲೆಯಿದೆ.

ಪೂರ್ತಿ ನಾಲ್ಕು ನಿಮಿಷ ಉಳಿಸಿಕೊಳ್ಳಬಹುದು, ಆದರೆ ಒಳಗಿನ ಸಾಮಾನನ್ನು ಬದಲಿಸಬೇಕು. ಇಬ್ಬರೂ ಕಾಯುವಾಗ ಏನು ಮಾಡುತ್ತಾರೆ? ಈಗ ನಿಮ್ಮವರು ದಿಗಂತ ನೋಡುತ್ತಾರೆ, ಅಷ್ಟೇ. ಬಸ್ಸಿಗೆ ಕಾಯುವ ನಮ್ಮ ಜನ ದಿಗಂತ ನೋಡುವುದನ್ನು ನಾನು ಕಂಡಿಲ್ಲ. ಎಲೆಗೆ ಸುಣ್ಣ ಹಚ್ಚುತ್ತಾರೆ, ಚಪ್ಪಲಿಯ ಮುಳ್ಳು ಕೀಳುತ್ತಾರೆ, ಗೋಡೆಯ ಮೇಲಿನ ಹಳೇ ಚುನಾವಣೆಯ ಬರಹ ಓದುತ್ತಾರೆ. ಇದಕ್ಕೆ ಮರುಚಿತ್ರೀಕರಣ ಬೇಕು, ಖರ್ಚು ಬರುತ್ತದೆ. ನಟರು ಕಚ್ಚಾ ಆಗಿದ್ದರೆ ಈ ಚಿಕ್ಕ ಕೆಲಸಗಳೇ ಅಭಿನಯದಂತೆ ಕಂಡು ಇನ್ನಷ್ಟು ಕೆಡುತ್ತವೆ. ಚಿತ್ರೋತ್ಸವದ ಕತ್ತಲೆ ಕೋಣೆಯಲ್ಲಿ ಇದು ನಿಲ್ಲುತ್ತದೆ, ಮೊಬೈಲಿನಲ್ಲಿ ಬಹುಶಃ ನಿಲ್ಲುವುದಿಲ್ಲ. ನೊಣ ಆರು ಇಂಚಿನ ಪರದೆಯಲ್ಲಿ ಕಾಣುವುದೇ ಇಲ್ಲ.

ಒಂದೂವರೆ ನಿಮಿಷಕ್ಕೆ ಇಳಿಸಬಹುದು. ಹೆಚ್ಚಿನವರು ನಿಮಗೆ ಇದನ್ನೇ ಹೇಳುತ್ತಾರೆ, ಕೇಳುವುದಕ್ಕೂ ಬುದ್ಧಿವಂತಿಕೆಯ ಮಾತಿನಂತಿದೆ. ಅಪಾಯ ಏನೆಂದರೆ, ನಿಮ್ಮ ಕಥೆಯ ತೂಕವಿರುವುದು ಬಸ್ ಬರುವುದು ತಡವಾಗುವುದರಲ್ಲಿ. ಬಸ್ ಬೇಗ ಬಂದರೆ ಅದು ಬರೀ ಬಸ್. ಕತ್ತರಿಸುವಾಗ ಎಲ್ಲ ಶಾಟುಗಳನ್ನೂ ಒಂದಿಷ್ಟೊಂದಿಷ್ಟು ಗಿಡ್ಡ ಮಾಡುವ ತಪ್ಪು ಮಾಡಬೇಡಿ. ಹಾಗೆ ಮಾಡಿದರೆ ಉದ್ದ ಕಡಿಮೆಯಾಗುತ್ತದೆ, ಬೇಸರ ಹಾಗೇ ಉಳಿಯುತ್ತದೆ. ಆರು ಶಾಟ್ ಪೂರ್ತಿ ಎಸೆದು ಒಂದನ್ನು ಇರುವುದಕ್ಕಿಂತಲೂ ಉದ್ದವಾಗಿ ಬಿಡಿ.

ಘಟನೆಯೊಂದನ್ನು ಮೊದಲಿಗೆ ತಂದು, ಆಮೇಲೆ ಕಾಯುವಿಕೆಗೆ ಹೋಗಬಹುದು. ಹನ್ನೆರಡು ವರ್ಷದ ಹಿಂದಿನ ಆ ರಾತ್ರಿಯ ಒಂದು ತುಣುಕು ನಿಮ್ಮ ಚಿತ್ರದ ಮಧ್ಯದಲ್ಲಿದೆ, ಅದನ್ನು ಎತ್ತಿ ಮೊದಲಲ್ಲಿ ಇಡಬಹುದು. ಜನ ಖಂಡಿತ ಕೂರುತ್ತಾರೆ. ಈಚೆಗೆ ಎಲ್ಲರೂ ಹಾಗೆಯೇ ಮಾಡುವುದರಿಂದ ಅದು ಸವೆದ ನಾಣ್ಯವಾಗಿದೆ ಎಂಬುದು ಒಂದು ತೊಂದರೆ. ಒಮ್ಮೆ ಕಾವೇರಿದ ಮೇಲೆ ತಂಗುದಾಣದ ನಿಧಾನ ಇನ್ನೂ ನಿಧಾನ ಅನ್ನಿಸುತ್ತದೆ ಎಂಬುದು ದೊಡ್ಡ ತೊಂದರೆ. ಧ್ವನಿಯೊಂದನ್ನು ಮೇಲೆ ಹಾಕುವುದು, ಇಲ್ಲವೇ ಹಾಡು, ನಾಲ್ಕನೆಯ ದಾರಿ. ನಿಮ್ಮ ಕಥೆಗೆ ಅದು ಹೊಂದುವುದಿಲ್ಲ ಎಂದೇ ನನ್ನ ಅನಿಸಿಕೆ. ಬರುವವನು ಯಾಕೆ ಬರುತ್ತಿದ್ದಾನೆಂಬುದು ಗುಟ್ಟಾಗಿರಬೇಕು ಎಂದು ನೀವೇ ಬರೆದಿದ್ದೀರಿ.

ನನ್ನ ಮೇಜಿನ ಮೇಲೆ ಈ ಚಿತ್ರ ಬಂದಿದ್ದರೆ ಹೀಗೆ ಮಾಡುತ್ತಿದ್ದೆ. ಮೂರೂ ಡ್ರೋನ್ ಶಾಟ್ ತೆಗೆಯುತ್ತಿದ್ದೆ. ಬಾಡಿಗೆ ಕೊಟ್ಟಿದ್ದೀರಿ, ನೋವಾಗುತ್ತದೆ, ಆದರೂ. ಕೊಳಲನ್ನು ಚಿತ್ರದ ಕೊನೆಯವರೆಗೆ ಬಚ್ಚಿಡುತ್ತಿದ್ದೆ. ನಿಮ್ಮಲ್ಲಿ ಈಗಾಗಲೇ ಒಂದು ರತ್ನವಿದೆ, ನೀವು ಗಮನಿಸಿಲ್ಲ: ಎರಡನೇ ನಿಮಿಷದ ಕೊನೆಯಲ್ಲಿ ಹಿರಿಯವನು ತಂಗುದಾಣದ ಕಲ್ಲುಬೆಂಚಿನ ಮೇಲಿನ ಧೂಳನ್ನು ಟವೆಲ್ಲಿನಿಂದ ಒರೆಸುತ್ತಾನೆ, ಆದರೆ ಅಲ್ಲಿ ಕೂರುವುದಿಲ್ಲ. ಎರಡು ಸೆಕೆಂಡಿಗೇ ಕಟ್ ಮಾಡಿದ್ದೀರಿ. ಅದು ನಟ ತಾನಾಗಿ ಮಾಡಿದ್ದಿರಬೇಕು. ಯಾರಿಗಾಗಿ ಒರೆಸಿದ? ಹಗೆಗಾಗಿಯೇ, ನಂಟನಿಗಾಗಿಯೇ? ಆ ಶಾಟಿನಿಂದ ಚಿತ್ರ ಶುರುವಾಗಲಿ, ಧೂಳು ಒರೆಸುವ ಸದ್ದು ಮಾತ್ರ ಇರಲಿ, ಆತ ಟವೆಲ್ ಕೊಡವಿ ಹೆಗಲಿಗೆ ಹಾಕುವವರೆಗೂ ಕಟ್ ಮಾಡಬೇಡಿ. ಎಲ್ಲ ಸೇರಿ ಎರಡೂವರೆ ನಿಮಿಷಕ್ಕೆ ಬರುತ್ತದೆ.

ಒಂದು ಕೊನೆಯ ಕೆಲಸ ಉಳಿಯಿತು. ಈಗ ನಿಮ್ಮ ಚಿತ್ರದಲ್ಲಿ ಬಸ್ಸಿನ ಸದ್ದು ಇಬ್ಬರಿಗೂ ಒಟ್ಟಿಗೇ ಕೇಳಿಸಿ, ಇಬ್ಬರೂ ಒಟ್ಟಿಗೇ ತಲೆ ತಿರುಗಿಸುತ್ತಾರೆ, ಕವಾಯತಿನ ಹಾಗೆ. ಯಾರ ಕಿವಿಗೆ ಮೊದಲು ಬೀಳಬೇಕು ಎಂದು ತೀರ್ಮಾನಿಸಿ. ಕಿರಿಯವನಿಗೆ ಮೊದಲು ಕೇಳಿಸಿ, ಆತ ಅದನ್ನು ಹಿರಿಯವನಿಗೆ ಹೇಳದೆ ಇದ್ದರೆ ಒಂದು ಕಥೆ. ಹಿರಿಯವನಿಗೆ ಮೊದಲು ಕೇಳಿಸಿ, ಆತ ಇನ್ನೊಮ್ಮೆ ಬೆಂಚು ಒರೆಸಿದರೆ ಬೇರೆಯೇ ಕಥೆ. ಎರಡನ್ನೂ ಕಟ್ಟಿ ನೋಡಿ. ಹೊಸ ಆವೃತ್ತಿಯನ್ನು ಮೊಬೈಲ್ ತೆಗೆದ ಗೆಳೆಯನಿಗೇ ಮೊದಲು ತೋರಿಸಿ, ಪರದೆಯ ಕಡೆ ನೋಡದೆ ಅವನ ಕೈ ನೋಡುತ್ತ ಕೂತುಕೊಳ್ಳಿ.